ಪಂಖಕ್ಕೊಂದು ತಾಯಿತ

ಲಿಂಗಸುಗೂರಿನ ದಂಡಿನ ಬಯಲಿನಲ್ಲಿ ಕಾಳಪ್ಪ ಬಡಿಗೇರನ ವಿಮಾನ ಹಾರಿದ, ಅಥವಾ ಹಾರದ, ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಕೇಳಿದ್ದರೆ ದಯವಿಟ್ಟು ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆ ಕಥೆ ಮೂರು ಊರುಗಳಲ್ಲಿ ಮೂರು ಬಗೆಯಾಗಿ ಸಿಗುತ್ತದೆ. ಸಿಂಧನೂರಿನವರು ಹೇಳುವಂತೆ ವಿಮಾನ ಹುಣಸೆಮರದೆತ್ತರ ಏರಿ, ಬಯಲಿಗೊಂದು ಪ್ರದಕ್ಷಿಣೆ ಹಾಕಿ, ಪೆಟ್ರೋಲು ತೀರಿದ್ದರಿಂದ ಇಳಿಯಿತು. ಎಂಜಿನ್ನು ಹೊಂದಿಸಿದವನು ಸಿಂಧನೂರಿನವನಾದ್ದರಿಂದ ಅವರ ಪಾಲಿಗೆ ಅದು ಏರಲೇಬೇಕು. ಲಿಂಗಸುಗೂರಿನವರ ಪ್ರಕಾರ ಅದು ವಿಮಾನವೇ ಆಗಿರಲಿಲ್ಲ, ರೆಕ್ಕೆ ಕಟ್ಟಿಕೊಂಡ ಹಿಟ್ಟಿನ ಗಿರಣಿ. ಬಯಲು ಅವರದಾದ್ದರಿಂದ ಪರವೂರಿನವರು ಅಲ್ಲಿಂದ ಮೇಲೇರುವುದು ಅವರಿಗೆ ಸುತರಾಂ ಒಪ್ಪಿಗೆಯಿಲ್ಲ. ಕಾಳಪ್ಪನ ಸ್ವಂತ ಊರಾದ ಮಸ್ಕಿಯವರ ಕಥೆ ಮಾತ್ರ ಇವೆರಡಕ್ಕಿಂತ ಗಟ್ಟಿ: ಪಂಖಕ್ಕೆ ಕಟ್ಟಿದ್ದ ತಾಯಿತವನ್ನು ಯಾರೋ ನಾಸ್ತಿಕ ಬಿಚ್ಚಿದ, ದೇವರಿಗೆ ಸಿಟ್ಟು ಬಂತು, ಪಂಖ ಮುರಿಯಿತು.

ಮೊದಲೆರಡು ಕಥೆಗಳನ್ನು ಹೊಡೆದುಹಾಕುವುದು ನನಗೆ ಎಡಗೈ ಕೆಲಸ. ಮೂರನೆಯದರಲ್ಲಿ ತೊಡಕಿದೆ. ತಾಯಿತ ಬಿಚ್ಚಿದ್ದು ನಿಜ. ಪಂಖ ಮುರಿದದ್ದು ನಿಜ. ಮೊದಲನೆಯದರಿಂದಲೇ ಎರಡನೆಯದಾಯಿತು ಎಂಬುದೂ, ಹಲ್ಲು ಕಚ್ಚಿಕೊಂಡು ಒಪ್ಪುತ್ತೇನೆ, ನಿಜ. ನಡುವೆ ತುರುಕಿದ ದೇವರೊಬ್ಬನೇ ಸುಳ್ಳು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳುವಿರೋ? ಆ ನಾಸ್ತಿಕ ನಾನು. ನನ್ನ ಹೆಸರು ಗೊತ್ತಿದ್ದೂ ‘ಯಾರೋ’ ಎಂದು ಹೇಳಿಕೊಂಡು ಬರುತ್ತಿರುವುದು ಮಸ್ಕಿಯವರ ದೊಡ್ಡತನ.

ನಾನು ಹೈದರಾಬಾದಿನ ಕಾಲೇಜೊಂದರಲ್ಲಿ ಓದುವವನು. ಓದುವವನು ಎಂಬುದಕ್ಕಿಂತ ವಾದಿಸುವವನು ಎಂದರೆ ನನ್ನ ಅಧ್ಯಾಪಕರು ಹೆಚ್ಚು ಸಂತೋಷದಿಂದ ಒಪ್ಪುತ್ತಾರೆ. ನಮ್ಮಲ್ಲಿ ಬಹಸ್ ಎಂದರೆ ಉರ್ದುವಿನ ಚರ್ಚಾಸ್ಪರ್ಧೆ. ಯಾವ ಪಕ್ಷ ಹಿಡಿಯಬೇಕೆಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ದೇವರಿದ್ದಾನೆಂದು ಸೋಮವಾರ ಸಾಧಿಸಿ, ಇಲ್ಲವೆಂದು ಮಂಗಳವಾರ ಸಾಧಿಸಿ, ಎರಡೂ ದಿನ ಸಮಸಮ ಚಪ್ಪಾಳೆ ಗಿಟ್ಟಿಸಿದವನಿಗೆ ಬುಧವಾರ ದೇವರ ಬಗ್ಗೆ ಉಳಿಯುವ ಅಭಿಪ್ರಾಯ ಎಂಥದೆಂದು ನೀವೇ ಊಹಿಸಿಕೊಳ್ಳಿ. ಈ ಪರಾಕ್ರಮಕ್ಕಾಗಿ ನನಗೊಂದು ಬೆಳ್ಳಿಯ ಪದಕ ಕೊಟ್ಟಿದ್ದರು. ಅದನ್ನು ನಾನು ಅಂಗಿಯ ಎದೆಗೆ ಚುಚ್ಚಿಕೊಂಡೇ ರಜೆಗೆ ಮಸ್ಕಿಗೆ ಬರುತ್ತಿದ್ದೆ. ಮೋಟಾರಿನಲ್ಲಿ ಪಕ್ಕ ಕುಳಿತವರು ಏನದು ಎಂದು ಕೇಳದಿದ್ದರೆ, ಕೇಳುವವರೆಗೂ ಕೆಮ್ಮುತ್ತಿದ್ದೆ.

ಆ ಮೋಟಾರು ಮೆಹಬೂಬಸಾಬನದು. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ದಿನವೂ ಒಂದು ಸಲ ಹೋಗಿ ಬರುವ ಸರ್ವಿಸ್. ಮಸ್ಕಿಯಲ್ಲಿ ನೀರು ಕುಡಿಯಲು ನಿಲ್ಲುವುದು ಕಾಳಪ್ಪನ ಕಾರಖಾನೆಯ ಮುಂದೆ. ಮೋಟಾರೂ ಕುಡಿಯುತ್ತಿತ್ತು, ಮೆಹಬೂಬಸಾಬನೂ ಕುಡಿಯುತ್ತಿದ್ದ. ಕಾರಖಾನೆ ಎಂದರೆ ಬೇವಿನ ಮರದಡಿಯ ಚಪ್ಪರ. ಅಲ್ಲಿ ಕಾಳಪ್ಪ ಬಂಡಿಯ ಗಾಲಿ ಮಾಡುತ್ತಿದ್ದ. ಸುತ್ತಲಿನ ಹಳ್ಳಿಗಳ ಬಂಡಿಗಳೆಲ್ಲ ಅವನ ಗಾಲಿಯ ಮೇಲೆಯೇ ಉರುಳುತ್ತಿದ್ದವು. ಯಾರೋ ಪ್ರಯಾಣಿಕರು ಮೋಟಾರಿನಲ್ಲಿ ಮರೆತುಹೋದ ಪರದೇಶದ ಮಾಸಪತ್ರಿಕೆಯೊಂದನ್ನು ಮೆಹಬೂಬಸಾಬ ಅಲ್ಲಿಗೆ ತಂದಾಗ ಅನರ್ಥ ಶುರುವಾಯಿತು. ಮನೆಯಲ್ಲೇ ಕೂತು ಕಟ್ಟಿಕೊಳ್ಳಬಹುದಾದ ವಿಮಾನದ ನಕ್ಷೆಗಳು ಅದರ ತುಂಬ ಇದ್ದವು. ಕಾಳಪ್ಪನಿಗೆ ಇಂಗ್ಲಿಷು ಬಾರದು, ಆದರೆ ನಕ್ಷೆ ಓದಲು ಅವನಿಗೆ ಯಾವ ಭಾಷೆಯ ಹಂಗೂ ಇರಲಿಲ್ಲ. ನಡುನಡುವೆ ಬರುವ ಅಕ್ಷರಗಳನ್ನು ಬಿಡಿಸಿ ಹೇಳಲು ನನ್ನನ್ನು ಕರೆದರು. ನಾನು ಅರ್ಥವಾದದ್ದನ್ನು ಓದಿ ಹೇಳಿದೆ. ಅರ್ಥವಾಗದ್ದನ್ನು ಇನ್ನೂ ಗಟ್ಟಿಯಾದ ದನಿಯಲ್ಲಿ ಓದಿ ಹೇಳಿದೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿದಿರು, ಬೆತ್ತ, ಅಂಟು ಬಳಿದ ಕೋರಾಬಟ್ಟೆ, ಬಂಡಿಯ ಗಾಲಿಗಳ ತಮ್ಮಂದಿರಂತಿದ್ದ ಎರಡು ಪುಟ್ಟ ಗಾಲಿ, ಮತ್ತು ಮೆಹಬೂಬಸಾಬ ಎಲ್ಲಿಂದಲೋ ಹೊತ್ತುತಂದ ಮೋಟಾರ್ ಸೈಕಲ್ಲಿನ ಎಂಜಿನ್ನು ಇವೆಲ್ಲ ಕೂಡಿ ವಿಮಾನದಂತೆಯೇ ಕಾಣುವ ಏನೋ ಒಂದಾಯಿತು. ಅದರ ಮೂಗಿನ ಮೇಲೆ ಪಂಖ. ಎರಡು ಅಲಗಿನ ಆ ಮರದ ಪಂಖವೇ ಕಾಳಪ್ಪನ ಪ್ರಾಣ. ಲಿಂಗಸುಗೂರಿನಲ್ಲಿ ಗೋರಾ ಪಲ್ಟನ್ ಇದ್ದ ಕಾಲದ ಬಂಗಲೆಯೊಂದು ಬಿದ್ದುಹೋದಾಗ ಅದರ ಬಾಗಿಲ ಚೌಕಟ್ಟಿನಿಂದ ಸಿಕ್ಕ ತೇಗ ಅದು. ತಲೆಮಾರುಗಳ ಬಿಸಿಲು ಕುಡಿದು ಒಣಗಿದ್ದು. ಅದನ್ನು ಹಲಗೆ ಹಲಗೆಯಾಗಿ ಸೀಳಿ, ಒಂದರ ಮೇಲೊಂದು ಅಂಟಿಸಿ, ಕೆತ್ತಿ, ಉಜ್ಜಿ, ನೀರಿನ ಸುಳಿಯಂಥ ಆಕಾರ ತಂದಿದ್ದ. ಮುರಿದರೆ ಮತ್ತೊಂದಕ್ಕೆ ಅಂಥ ಮರವಿರಲಿಲ್ಲ. ಇನ್ನೊಂದು ಬಂಗಲೆ ಬೀಳುವವರೆಗೆ ಕಾಯುವಷ್ಟು ಆಯುಷ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕಾಲವೂ ಇರಲಿಲ್ಲ. ದಂಡಿನ ಬಯಲು ಬೇಕೆಂದು ತಹಸೀಲ ಕಚೇರಿಗೆ ಉರ್ದುವಿನಲ್ಲಿ ದರಖಾಸ್ತು ಬರೆದವನು ನಾನೇ. ವಿಮಾನವೆಂಬ ಪದಾರ್ಥ ಕಚೇರಿಯ ಯಾವ ರಜಿಸ್ಟರಿನಲ್ಲೂ ಇರಲಿಲ್ಲವಾದ್ದರಿಂದ ಪೇಶಕಾರರು ಬಹಳ ಯೋಚಿಸಿ ‘ಎತ್ತಿಲ್ಲದ ಬಂಡಿಯ ಪರೀಕ್ಷೆ’ ಎಂದು ಬರೆಸಿ, ಸರಕಾರಿ ಪಂಚಾಂಗದ ಫರವರ್ದಿ ತಿಂಗಳ ಕೊನೆಯ ದಿನದವರೆಗೆ ಇಜಾಜತ್, ಅಂದರೆ ಪರವಾನಗಿ, ಕೊಡಿಸಿದರು. ಆಮೇಲೆ ಬಯಲು ದನಗಳಿಗೆ. ದನಗಳ ಹಕ್ಕು ರಜಿಸ್ಟರಿನಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ, ಅಂದರೆ ನೆಲದ ಮೇಲಿನ ಹರಳುಕಲ್ಲು. ವಿಮಾನ ಹಾರಿಸುವವನಿಗೆ ಗಾಳಿ, ಮೋಡ, ಸಿಡಿಲುಗಳ ಭಯವೆಂದು ನಾವು ತಿಳಿದಿರುತ್ತೇವೆ. ನೆಲದ ಮೇಲೆ ನಿಂತು ಎಂಜಿನ್ನು ಶುರುಮಾಡಿದ ಮೊದಲ ದಿನವೇ ನಮಗೆ ತಿಳಿದದ್ದು ಬೇರೆ. ಪಂಖ ತಿರುಗತೊಡಗಿದೊಡನೆ ಕೆಳಗಿನ ಗರಸು, ಜೋಳದ ಕೂಳೆಯ ಚೂರು, ಕುರಿಯ ಹಿಕ್ಕೆ ಎಲ್ಲವನ್ನೂ ಅದು ತನ್ನತ್ತ ಸೆಳೆದುಕೊಂಡು ಕಡಿಯಿತು. ನಿಂತ ಮೇಲೆ ನೋಡಿದರೆ ಅಲಗಿನ ಮುಂಗಡೆಯ ಅಂಚು ಇಲಿ ತಿಂದ ರೊಟ್ಟಿಯಂತಾಗಿತ್ತು. ಕಾಳಪ್ಪ ಹೆಬ್ಬೆರಳಿನಿಂದ ಆ ಅಂಚನ್ನು ಸವರಿದ. 

ನಮ್ಮ ಪೂರ್ವಜರ ಹತ್ತಿರ ವಿಮಾನಗಳಿದ್ದುವೆಂದು ನಂಬುವ ಹಿರಿಯರೊಬ್ಬರು ಸಿಂಧನೂರಿನಲ್ಲಿದ್ದಾರೆ. ಮೋಟಾರಿನಲ್ಲಿ ಅವರ ಪಕ್ಕ ಕುಳಿತಾಗ ನಾನು ಕೇಳಿದೆ: ಆ ವಿಮಾನಗಳಿಗೆ ರತ್ನಖಚಿತ ಆಸನಗಳಿದ್ದುವು ಎನ್ನುತ್ತೀರಿ, ಮುತ್ತಿನ ತೋರಣಗಳಿದ್ದುವು ಎನ್ನುತ್ತೀರಿ, ಸರಿ, ಹರಳು ಬಡಿಯದಂತೆ ಪಂಖಕ್ಕೆ ಏನು ಮಾಡುತ್ತಿದ್ದರು? ಅವರು ಕಿಟಕಿಯ ಹೊರಗೆ ನೋಡಿದರು. ಆಸನದ ಮೇಲಿನ ರತ್ನಗಳನ್ನು ಎಣಿಸಿದ ಕವಿ ಪಂಖದ ಮೇಲಿನ ಗೀರುಗಳನ್ನು ಎಣಿಸಿಲ್ಲವೆಂದರೆ ಅವನು ನೆಲ ಬಿಟ್ಟವನಲ್ಲ ಎಂಬುದೇ ನನ್ನ ಸಿದ್ಧಾಂತ. ಕಾಳಪ್ಪನ ಚಪ್ಪರದಲ್ಲಿ ಒಂದು ಸಂಜೆ ಕಳೆದಿದ್ದರೆ ಆ ಕಾವ್ಯಗಳು ಇನ್ನೂ ಚಿಕ್ಕವಾಗಿ, ಇನ್ನೂ ನಿಜವಾಗಿ ಇರುತ್ತಿದ್ದುವು.

ನಮ್ಮ ಮೊದಲ ಉಪಾಯ ಮೆಹಬೂಬಸಾಬನದು. ಮೋಟಾರಿನ ಮೇಲೆ ಸಾಮಾನು ಮುಚ್ಚುವ ತಾಡಪತ್ರಿಯನ್ನು ಬಿಚ್ಚಿ ತಂದು ಪಂಖದ ಕೆಳಗೆ ಹಾಸಿದ. ಹರಳು ಮೇಲೇಳುವುದಾದರೂ ಎಲ್ಲಿಂದ? ಹರಳು ಏಳಲಿಲ್ಲ, ತಾಡಪತ್ರಿಯೇ ಎದ್ದಿತು. ಎಂಜಿನ್ನಿನ ಮೂತಿಗೆ ಮುಸುಕು ಹಾಕಿದಂತೆ ಸುತ್ತಿಕೊಂಡು ಅದು ನಿಂತಾಗ ಮೆಹಬೂಬಸಾಬ, “ಬೀಬಿ ಪರ್ದಾ ಹಾಕ್ಯಾಳ, ಇವತ್ತು ಯಾರಿಗೂ ಮುಖ ತೋರಸಂಗಿಲ್ಲ” ಎಂದ. ಎರಡನೆಯ ಉಪಾಯ ನನ್ನದು: ನೀರು ಚಿಮುಕಿಸುವುದು. ಅದರಿಂದ ಹರಳಿಗೆ ಕೆಸರು ಕೂಡಿ, ಬಡಿಯುವಾಗ ಮೊದಲಿಗಿಂತ ಭಾರವಾಗಿ ಬಡಿಯಿತು. ತರ್ಕಶುದ್ಧವಾದ ಉಪಾಯವೊಂದು ಹೀಗೆ ಮುಖಕ್ಕೆ ಸಿಡಿದದ್ದು ಅದೇ ಮೊದಲು.

ಬಗೆಹರಿಸಿದವಳು ಕಾಳಪ್ಪನ ಹೆಂಡತಿ ನೀಲವ್ವ. ನಮ್ಮ ಮೂವರ ಪಾಂಡಿತ್ಯವನ್ನು ಮೂರು ದಿನ ಸಹಿಸಿಕೊಂಡು ನಾಲ್ಕನೆಯ ದಿನ ಆಕೆ ಹೇಳಿದಳು: “ಜ್ವಾಳ ಒಕ್ಕಬೇಕಾದ್ರ ಕಾಳಿನ್ಯಾಗ ಹರಳು ಕೂಡಬಾರದು ಅಂತ ಏನ್ ಮಾಡ್ತೀರಿ? ಕಣ ಮಾಡಂಗಿಲ್ಲೇನು? ಇದಕ್ಕೂ ಒಂದು ಕಣ ಮಾಡ್ರಿ.” ಇಷ್ಟು ಸರಳವಾದದ್ದು ಪತ್ರಿಕೆಯ ಯಾವ ಪುಟದಲ್ಲೂ ಇರಲಿಲ್ಲ. ದಂಡಿನ ಬಯಲಿನಲ್ಲಿ ವಿಮಾನ ನಿಲ್ಲುವ ಜಾಗವನ್ನು ಕೆತ್ತಿ, ನೀರು ಹೊಯ್ದು, ಎತ್ತು ಕಟ್ಟಿ ತುಳಿಸಿ, ಸೆಗಣಿ ಬಳಿದು ಸಾರಿಸಿದೆವು. ಅಲ್ಲಿಂದ ಮುಂದೆ ಓಟದ ದಾರಿಯನ್ನು ನೀಲವ್ವನೂ ಆಕೆಯ ನೆರೆಹೊರೆಯವರೂ ಬಾರಿಗೆ ಹಿಡಿದು ಗುಡಿಸಿದರು. ಜಗತ್ತಿನಲ್ಲಿ ಸೆಗಣಿ ಸಾರಿಸಿದ ವಿಮಾನ ನಿಲ್ದಾಣ ಅದೊಂದೇ ಇರಬೇಕು. ಅಭ್ಯಾಸಬಲದಿಂದ ಯಾರೋ ಮೂಲೆಯಲ್ಲೊಂದು ರಂಗೋಲಿಯನ್ನೂ ಎಳೆದಿದ್ದರು.

ಕಣ ಇದ್ದರೂ ಓಡುವಾಗ ಅಷ್ಟಿಷ್ಟು ಹರಳು ಬಡಿಯುವುದು ತಪ್ಪದು. ಆದ್ದರಿಂದ ಅಲಗಿನ ಮುಂಗಡೆಯ ಅಂಚಿಗೆ ಹಿತ್ತಾಳೆಯ ತಗಡು ಮಡಿಸಿ ಮೊಳೆ ಹೊಡೆಯಬೇಕೆಂದು ಪತ್ರಿಕೆ ಹೇಳುತ್ತಿತ್ತು. ಅಷ್ಟು ತೆಳ್ಳಗಿನ, ಅಷ್ಟು ಗಟ್ಟಿಯಾದ ಹಿತ್ತಾಳೆ ಮಸ್ಕಿಯಲ್ಲಿದ್ದದ್ದು ನೀಲವ್ವನ ತವರುಮನೆಯ ಕೊಡದಲ್ಲಿ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೂವರೂ ಆ ಕೊಡದ ಕಡೆ ನೋಡುತ್ತ ಹವೆಯ ಬಗ್ಗೆ ಮಾತಾಡುತ್ತಿದ್ದೆವು.

“ನಮ್ಮವ್ವ ಇದನ್ನ ನೀರು ತರಾಕ ಕೊಟ್ಟಾಳ, ಮುಗಲಿಗೆ ಕಳಸಾಕ ಅಲ್ಲ” ಎಂದಳು ನೀಲವ್ವ ಮೊದಲ ದಿನ. ಎರಡನೆಯ ದಿನ ತಾನೇ ಕೊಡ ತಂದು ಗಂಡನ ಮುಂದಿಟ್ಟಳು. “ತಗೋರಿ. ಆದ್ರ ಒಂದು ಮಾತು. ಕೊಡ ಹೋದ್ರ ಹೋಗಲಿ, ಕೊಡದ ಹಿಂದ ಕುಂತಾವ ತಿರುಗಿ ಮನಿಗೆ ಬರಬೇಕು.”

ಹಿಂದೆ ಕುಳಿತು ಓಡಿಸುವವನು ಕಾಳಪ್ಪನೇ ಎಂದು ಮೊದಲೇ ನಿಶ್ಚಯವಾಗಿತ್ತು. ಮೆಹಬೂಬಸಾಬ ಓಡಿಸುವುದರಲ್ಲಿ ಪಳಗಿದವನಾದರೂ ತೂಕದಲ್ಲಿ ಇಬ್ಬರು.

ಕೊಡ ಕತ್ತರಿಸಿದಾಗ ಒಂದು ಪೇಚು ತಲೆದೋರಿತು. ಒಂದು ಅಲಗಿಗೆ ಹೊಟ್ಟೆಯ ಭಾಗದ ತಗಡು ಸಾಕಾಯಿತು. ಇನ್ನೊಂದಕ್ಕೆ ಕಂಠದ ಭಾಗವನ್ನೂ ಕೂಡಿಸಬೇಕಾಯಿತು, ಕಂಠ ದಪ್ಪ. ಮೊಳೆ ಹೊಡೆದಾದ ಮೇಲೆ ಕಾಳಪ್ಪ ಪಂಖದ ನಡುವಿನ ತೂತಿನಲ್ಲಿ ಒಂದು ಸಲಾಕೆ ತೂರಿಸಿ, ನಿಲ್ಲಿಸಿದ ಎರಡು ಚಾಕುಗಳ ಬಾಯಿಯ ಮೇಲೆ ಅದನ್ನು ಇಟ್ಟ. ಪಂಖ ಸಾವಕಾಶ ತಿರುಗಿ, ಕಂಠದ ಕಡೆಯ ಅಲಗು ಕೆಳಗಾಗಿ ನಿಂತಿತು. ಮತ್ತೆ ಅಡ್ಡ ಇಟ್ಟ. ಮತ್ತೆ ಅದೇ ಅಲಗು ಕೆಳಗೆ. “ಒಂದು ಕಡಿ ಭಾರ ಆಗೈತಿ. ನಾಳೆ ನೋಡೂನು” ಎಂದ. ಮಾರನೆಯ ದಿನ ನೋಡಿದರೆ ಪಂಖ ಚಾಕುಗಳ ಮೇಲೆ ಅಡ್ಡಡ್ಡಲಾಗಿ, ತಕ್ಕಡಿಯ ದಂಡಿಗೆಯಂತೆ ಅಲುಗದೆ ನಿಂತಿತ್ತು. ಹೇಗೆ ಮಾಡಿದಿ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ, ಏಕೆಂದರೆ ಅಂದೇ ಪಂಖದ ಮೇಲೆ ಇನ್ನೊಂದು ವಸ್ತು ಕಾಣಿಸಿಕೊಂಡು ನನ್ನ ರಕ್ತ ಕುದಿಯುತ್ತಿತ್ತು.

ಒಂದು ಅಲಗಿನ ಬೆನ್ನಿಗೆ, ಬುಡದಿಂದ ಎರಡು ಗೇಣು ಆಚೆಗೆ, ಮೇಣ ಹಚ್ಚಿದ ದಾರದಿಂದ ಬಿಗಿದು ಕಟ್ಟಿದ ಬೆಳ್ಳಿಯ ತಾಯಿತ! ನೀಲವ್ವ ಮಠದ ಗದ್ದಿಗೆಯಿಂದ ಭಸ್ಮ ತಂದು ತುಂಬಿಸಿದ್ದಳು. ಎರಡು ವರ್ಷ ಅಳತೆಗೋಲು, ಗಣಿತ, ಗಾಳಿಯ ನಿಯಮಗಳೆಂದು ಬಡಿದಾಡಿ ಕಟ್ಟಿದ ಯಂತ್ರದ ಮೇಲೆ, ಕೂಸಿನ ಕೊರಳಿಗೆ ಕಟ್ಟುವ ವಸ್ತು! ನಾನು ಅಲ್ಲೇ ಅಂಗಳದಲ್ಲಿ, ನೆರೆಹೊರೆಯವರೆಲ್ಲ ಕೇಳುವಂತೆ, ಬಹಸ್ ಶುರುಮಾಡಿದೆ.

“ನೀಲವ್ವಕ್ಕ, ಪಂಖ ಕಾಯೋ ಶಕ್ತಿ ಭಸ್ಮಕ್ಕ ಇತ್ತಂದ್ರ ಕೊಡ ಯಾಕ ಕತ್ತರಸಿದಿ? ಹಿತ್ತಾಳಿಗೆ ಶಕ್ತಿ ಐತಂದ್ರ ಭಸ್ಮ ಯಾಕ ಬೇಕು?”

ಇದು ಎರಡು ಕೊಂಬಿನ ಪ್ರಶ್ನೆ. ಎದುರಾಳಿ ಯಾವ ಕಡೆ ಹೊರಳಿದರೂ ಚುಚ್ಚುತ್ತದೆ. ಹೈದರಾಬಾದಿನಲ್ಲಿ ಇಂಥ ಪ್ರಶ್ನೆಗೆ ಗಂಟೆ ಬಾರಿಸಿ ಚಹ ಕುಡಿಯಲು ಹೋಗುತ್ತಾರೆ. ನೀಲವ್ವ ಮೊರದಿಂದ ತಲೆಯೆತ್ತಲಿಲ್ಲ. ಜೋಳ ಹಸನು ಮಾಡುತ್ತಲೇ ಕೇಳಿದಳು:

“ತಮ್ಮಾ, ನೀ ಅಂಗಿ ತೊಟ್ಟೀದಿ. ಮಾನ ಕಾಯಾಕ ಅಂಗಿ ಸಾಕು. ಅದರ ಮ್ಯಾಲ ಆ ಬೆಳ್ಳಿ ಬಿಲ್ಲಿ ಯಾಕ ಚುಚಗೊಂಡೀದಿ?”

ಅಂಗಳವೆಲ್ಲ ನಕ್ಕಿತು. ನನ್ನ ಕೈ ತಾನಾಗಿ ಪದಕವನ್ನು ಮುಚ್ಚಿಕೊಂಡಿತು. ಅದರಿಂದ ಇನ್ನಷ್ಟು ನಕ್ಕರು. ಮೆಹಬೂಬಸಾಬ ಹೊಟ್ಟೆ ಹಿಡಿದುಕೊಂಡು, “ಏನ್ ಬೇ ವಕೀಲ, ವಿಮಾನಕ್ಕಿಂತ ಮೊದಲ ನೀನಽ ಬಿದ್ದೆಲ್ಲ!” ಎಂದ. ಕಾಳಪ್ಪ ಮಾತ್ರ ನಗಲಿಲ್ಲ. ವಾದದಲ್ಲಿ ಯಾರ ಪಕ್ಷವನ್ನೂ ಹಿಡಿಯದೆ, ಅಲಗಿಗೆ ಅಗಸಿ ಎಣ್ಣೆ ಒರೆಸುತ್ತಿದ್ದ. ಪ್ರತಿ ಸಲ ಎಂಜಿನ್ನು ಶುರುಮಾಡುವ ಮೊದಲು ಅವನು ಹಾಗೆ ಎಣ್ಣೆಬಟ್ಟೆ ಹಿಡಿದು ಬುಡದಿಂದ ತುದಿಯವರೆಗೆ ಎರಡೂ ಅಲಗುಗಳನ್ನು ಒರೆಸಿ, ಹೆಬ್ಬೆರಳಿನಿಂದ ಅಂಚು ಸವರಿ, ಹೊಸ ಗೀರು ಬಿದ್ದಿದೆಯೇ ನೋಡುತ್ತಿದ್ದ. ಕಣ್ಣಿಗಿಂತ ಆ ಬೆರಳನ್ನೇ ಅವನು ಹೆಚ್ಚು ನಂಬುತ್ತಿದ್ದ.

ಸೋತ ವಾದಿ ಏನು ಮಾಡುತ್ತಾನೆ? ಮರುದಿನದ ವಾದವನ್ನು ರಾತ್ರಿಯಿಡೀ ಹೆಣೆಯುತ್ತಾನೆ. ನನಗೆ ಹೊಳೆದ ಉತ್ತರ ಮಾತಿನದಾಗಿರಲಿಲ್ಲ, ಪ್ರಯೋಗದ್ದಾಗಿತ್ತು. ತಾಯಿತವಿಲ್ಲದೆ ವಿಮಾನ ಹಾರಿದರೆ? ಹಾರಿ, ಇಳಿದು, ಜನ ಜೈಕಾರ ಹಾಕುವಾಗ ನಾನು ಜೇಬಿನಿಂದ ಅದನ್ನು ತೆಗೆದು ಎಲ್ಲರೆದುರು ಎತ್ತಿ ಹಿಡಿದರೆ? ಅದಕ್ಕಿಂತ ಮಾತಿಲ್ಲದ, ಮರುಮಾತಿಲ್ಲದ ಬಹಸ್ ಇನ್ನೊಂದಿರಲಿಲ್ಲ.

ಇಜಾಜತ್ತಿನ ಕೊನೆಯ ದಿನ. ಮಧ್ಯಾಹ್ನ ಎಲ್ಲರೂ ಬಯಲಿನಂಚಿನ ಬೇವಿನ ಕೆಳಗೆ ರೊಟ್ಟಿ ಬಿಚ್ಚಿ ಕುಳಿತರು. ಆಡುಗಳು ರೆಕ್ಕೆಯ ಬಟ್ಟೆ ನೆಕ್ಕದಂತೆ ಕಾಯಲು ನಾನು ನಿಂತೆ. ಸೀಸಕಡ್ಡಿ ಕೆತ್ತುವ ಚಾಕು ತೆಗೆದು ದಾರ ಕೊಯ್ದೆ. ತಾಯಿತ ಅಂಗೈಗೆ ಬಿತ್ತು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಭಕ್ತಿಯೆಂಬುದು ಎಷ್ಟು ಜಡ ಎಂದು ಮನಸ್ಸಿನಲ್ಲೇ ಒಂದು ಚಾಟೂಕ್ತಿ ಕಟ್ಟಿ, ಜೇಬಿಗೆ ಹಾಕಿಕೊಂಡೆ. ಆ ಭಾರ ಎಲ್ಲಿಂದ ಬಂತೆಂದು ಕೇಳುವುದು ಸಂಶಯವಾದಿಯ ಮೊದಲ ಕರ್ತವ್ಯವಾಗಿತ್ತು.

ಊಟ ಮುಗಿಸಿ ಕಾಳಪ್ಪ ಬಂದ. ಎಣ್ಣೆಬಟ್ಟೆ ತೆಗೆದುಕೊಂಡ. ಒಂದು ಅಲಗನ್ನು ಬುಡದಿಂದ ತುದಿಯವರೆಗೆ ಒರೆಸಿದ, ಇನ್ನೊಂದನ್ನು ಬುಡದಿಂದ ತುದಿಯವರೆಗೆ ಒರೆಸಿದ. ಬಟ್ಟೆ ಎಲ್ಲಿಯೂ ತೊಡಕಲಿಲ್ಲ. ಬೇವಿನ ಕೆಳಗೆ ಕುಳಿತ ನೀಲವ್ವನ ಕಡೆಗೊಮ್ಮೆ ನೋಡಿ, ಬಟ್ಟೆ ಮಡಿಸಿ ನನ್ನ ಕೈಗೆ ಕೊಟ್ಟು, ಏನೂ ಅನ್ನದೆ ಹತ್ತಿ ಕುಳಿತ. 

ಮೆಹಬೂಬಸಾಬ ಅಂಗೈಗೆ ಉಗುಳಿಕೊಂಡು ಪಂಖಕ್ಕೆ ಕೈ ಹಚ್ಚಿದ. “ಲೇ ಕಾಳ್ಯಾ, ನಾ ಕಲ್ಮಾ ಓದ್ತೀನಿ, ನೀ ನಿನ್ನ ಮಂತ್ರ ಅನ್ನು. ಎಂಜಿನ್ನಿಗೆ ಎರಡೂ ತಿಳೀತಾವ.” ಮೂರನೆಯ ಎಳೆತಕ್ಕೆ ಎಂಜಿನ್ನು ಹೊತ್ತಿತು.

ಶುರುವಿನಿಂದಲೇ ಸದ್ದು ಬೇರೆಯಿತ್ತು. ಅದುವರೆಗೆ ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತಿದ್ದ ಯಂತ್ರ ಅಂದು ಚಳಿಜ್ವರ ಬಂದವನ ಹಾಗೆ ಗಡಗಡ ನಡುಗಿತು. ರೆಕ್ಕೆಯ ಬಟ್ಟೆ ತಮಟೆಯಂತೆ ಬಡಿದುಕೊಂಡಿತು. ಕಣ ದಾಟಿ ವಿಮಾನ ಓಡಿತು. ಓಡುತ್ತ ಓಡುತ್ತ ಗಾಲಿಗಳ ಗಡಗಡ ಒಮ್ಮೆಲೆ ನಿಂತು, ಎಂಜಿನ್ನಿನ ಸದ್ದೊಂದೇ ಉಳಿಯಿತು. ನಾನು ಜೇಬಿಗೆ ಕೈ ಹಾಕಿದೆ. ಆಗ ಮೊಳೆಗಳು ಸಡಿಲಿ, ಕೊಡದ ಕಂಠದ ತಗಡು ಕಿತ್ತು, ಬಿಸಿಲಲ್ಲಿ ಮಿಂಚಿ ಎತ್ತಲೋ ಹೋಯಿತು. ಅದರ ಹಿಂದೆಯೇ ಅಲಗು ಅಂಟಿನ ಗೆರೆಗುಂಟ ಸೀಳಿತು. ವಿಮಾನ ಮೂಗು ಮಣ್ಣಿಗೆ ಹಚ್ಚಿ ಬಾಲ ಎತ್ತಿ ನಿಂತಿತು.

ನೀಲವ್ವ ಓಡಿದಷ್ಟು ಜೋರಾಗಿ ನಮ್ಮ ವಿಮಾನ ಓಡಿರಲಿಲ್ಲ. ಗಂಡನ ಎಡಗೈ ಮುಂಗೈ ಹತ್ತಿರ ಸೊಟ್ಟಗಾಗಿತ್ತು. “ಬೆರಳು ಆಡಸ್ರಿ. ಒಂದೊಂದಽ ಆಡಸ್ರಿ” ಎಂದಳು. ಕಾಳಪ್ಪ ಹಲ್ಲು ಕಚ್ಚಿ ಆಡಿಸಿದ. ಐದೂ ಆಡಿದ ಮೇಲೆಯೇ ಆಕೆ ಕುಸಿದು ಕುಳಿತು ಅತ್ತಳು. ಬಡಿಗನ ಬೆರಳು ಎಣಿಸಿ ಮುಗಿಯುವವರೆಗೆ ಅಳಲು ಕೂಡ ಪುರಸೊತ್ತಿರಲಿಲ್ಲ. ಆಮೇಲೆ ಮುರಿಯದೆ ಉಳಿದ ಅಲಗಿನ ಬೆನ್ನಿನ ಮೇಲೆ ಆಕೆಯ ಕಣ್ಣು ಬಿತ್ತು. ದಾರದ ಗುರುತಷ್ಟೇ ಇತ್ತು. ನನ್ನ ಕೈ ಇನ್ನೂ ಜೇಬಿನಲ್ಲೇ ಇತ್ತು.

  ತಾಯಿತವನ್ನು ಹೊರತೆಗೆಯದೆ ನಾನು, ಒಬ್ಬ ತಾರ್ಕಿಕನಿಗೆ ಶೋಭಿಸುವಂತೆ, ಸಾಕ್ಷ್ಯಸಂಗ್ರಹಕ್ಕೆ ತೊಡಗಿದೆ. ಗಾಲಿಯ ಜಾಡು ಹಿಡಿದು ನಡೆದೆ. ಗುಡಿಸಿದ ಮಣ್ಣಿನ ಮೇಲೆ ಎರಡು ಗೆರೆಗಳು ಸ್ಪಷ್ಟವಾಗಿ ಮೂಡಿದ್ದುವು. ಒಂದು ಕಡೆ ಎರಡೂ ಮಾಯವಾಗಿ, ಹನ್ನೊಂದು ಹೆಜ್ಜೆಯಾಚೆ ಮತ್ತೆ ಹುಟ್ಟಿದ್ದುವು. ನಡುವೆ ಬಾರಿಗೆಯ ಗೀರು ಬಿಟ್ಟು ಬೇರೇನಿಲ್ಲ. ಮೆಹಬೂಬಸಾಬನನ್ನು ಕರೆದೆ. ಅವನು ಆ ದೊಡ್ಡ ಮೈಯನ್ನು ನೆಲಕ್ಕೆ ಹಾಕಿ, ಕೆನ್ನೆ ಮಣ್ಣಿಗೆ ಹಚ್ಚಿ ನೋಡಿ, “ಹನ್ನೊಂದು ಹೆಜ್ಜಿ ಖುದಾ ಹಿಡಕೊಂಡಿದ್ದ, ಆಮ್ಯಾಲ ಕೈ ಸೋತು ಬಿಟ್ಟ” ಎಂದ. ಎತ್ತರ ನಾಲ್ಕು ಬೆರಳಿದ್ದೀತು. ಹುಣಸೆಮರ ಅದಕ್ಕಿಂತ ತುಸು ಎತ್ತರ. ಊರಿನ ನಾಲ್ವರು ಹಿರಿಯರನ್ನು ಕರೆತಂದು ತೋರಿಸಬೇಕೆನ್ನುವಷ್ಟರಲ್ಲಿ ಆಡುಗಳು ಹಿಂಡಾಗಿ ಆ ಹನ್ನೊಂದು ಹೆಜ್ಜೆಗಳ ಮೇಲೆಯೇ ಹಾದುಹೋದವು. ನಮ್ಮ ಮಸ್ಕಿಯಲ್ಲಿ ಯಾವನೋ ಹಳೆಯ ಅರಸು ಬರೆಸಿದ ಬಂಡೆಯ ಅಕ್ಷರಗಳು ಎರಡು ಸಾವಿರ ವರ್ಷ ಓದುವವರಿಗಾಗಿ ಕಾದುಕೊಂಡಿದ್ದುವಂತೆ. ಮಣ್ಣಿನ ಮೇಲೆ ಬರೆದವರಿಗೆ ಅಷ್ಟು ಭಾಗ್ಯವಿಲ್ಲ.

ತಾಯಿತ ನನ್ನ ಜೊತೆ ಹೈದರಾಬಾದಿಗೆ ಬಂತು. ಒಂದು ರವಿವಾರ ವಸತಿಗೃಹದ ಕೋಣೆಯಲ್ಲಿ ಅದರ ಮುಚ್ಚಳ ಬಿಚ್ಚಿದೆ. ಒಳಗೊಂದು ಮಂತ್ರದ ಚೀಟಿಯಿರುತ್ತದೆ, ಅದರ ವ್ಯಾಕರಣದ ತಪ್ಪು ಹುಡುಕಿ ಸಮಾಧಾನ ಪಡೋಣ ಎಂದು. ಚೀಟಿಯಿರಲಿಲ್ಲ. ಮೇಲೊಂದು ಚಿಟಿಕೆ ಭಸ್ಮ. ಅದರ ಕೆಳಗೆ, ಅಲುಗದಂತೆ ಮೇಣ ತುಂಬಿ ಕೂರಿಸಿದ ಸೀಸದ ತುಂಡುಗಳು. ಒಂದೊಂದನ್ನೂ ಎಷ್ಟು ಬೇಕೋ ಅಷ್ಟೇ ಕೆರೆದು ಕೆರೆದು ತೂಕಕ್ಕೆ ತಂದಿದ್ದ ಗುರುತಿತ್ತು.

ಎರಡು ಚಾಕುಗಳ ಮೇಲೆ ಅಲುಗದೆ ನಿಂತ ಪಂಖ ಆಗ ನನ್ನ ಕಣ್ಣೆದುರು ಬಂತು. ಕೊಡದ ಕಂಠ ಒಂದು ಅಲಗಿಗೆ ಕೂಡಿಸಿದ್ದ ಭಾರವನ್ನು ಕಾಳಪ್ಪ ಇನ್ನೊಂದರ ಮೇಲೆ ಹೀಗೆ ಸರಿದೂಗಿಸಿದ್ದ. ಸೀಸವನ್ನು ಹೇಗೂ ಎಲ್ಲಾದರೂ ಕಟ್ಟಬೇಕಿತ್ತು. ಹೆಂಡತಿಯ ತಾಯಿತವನ್ನೂ ಎಲ್ಲಾದರೂ ಕಟ್ಟಬೇಕಿತ್ತು. ಮಿತವ್ಯಯಿಯಾದ ಬಡಿಗ ಎರಡಕ್ಕೂ ಒಂದೇ ದಾರ ಬಳಸಿದ. ಪಕ್ಕದ ಕೋಣೆಯಲ್ಲಿ ಪದಾರ್ಥವಿಜ್ಞಾನ ಓದುವ ಗೆಳೆಯ ಲೆಕ್ಕ ಹಾಕಿ ಹೇಳಿದ, ಅಷ್ಟು ಚಿಕ್ಕ ತೂಕ ಅಂಥ ವೇಗದಲ್ಲಿ ಸುತ್ತುವಾಗ ದಷ್ಟಪುಷ್ಟವಾದ ಹೋತವೊಂದು ಜಗ್ಗಿದ ಹಾಗೆ ಜಗ್ಗುತ್ತದಂತೆ. ಅಂದರೆ ನಾನು ದೇವರನ್ನು ಬಿಚ್ಚುತ್ತೇನೆಂದು ಹೊರಟು ಗಣಿತವನ್ನು ಬಿಚ್ಚಿದ್ದೆ. ಜಗತ್ತಿನಲ್ಲಿ ನಾನು ಸಂಶಯಪಡದೆ ಬಿಟ್ಟ ವಸ್ತು ಒಂದೇ ಇತ್ತು, ಅದು ನನ್ನ ಸಂಶಯ.

ಇಷ್ಟಕ್ಕೇ ನಿಂತಿದ್ದರೆ ಇದು ನೀತಿಕಥೆಯಾಗಿ ಮುಗಿಯುತ್ತಿತ್ತು, ನಾನೂ ತಲೆ ತಗ್ಗಿಸಿ ಕುಳಿತುಬಿಡುತ್ತಿದ್ದೆ. ಆದರೆ ತಪ್ಪೊಪ್ಪಿಗೆಯ ಮಾತುಗಳನ್ನು ಹೊಂದಿಸುತ್ತಿದ್ದಾಗ ಎಣ್ಣೆಬಟ್ಟೆಯ ನೆನಪಾಯಿತು. ಗೀರು ಹುಡುಕಲು ಕಣ್ಣಿಗಿಂತ ಬೆರಳನ್ನು ನಂಬುವವನು ಅಂದು ಆ ಬರಿಯ ಬೆನ್ನಿನ ಮೇಲೆ ಬಟ್ಟೆ ಆಡಿಸಿದ್ದ. ಏಕೆ ಸುಮ್ಮನಿದ್ದ? ಬಹಸ್ಸಿನ ಪದ್ಧತಿಯಂತೆ ಒಂದೊಂದಾಗಿ ನೋಡಿದೆ. ಇಜಾಜತ್ತಿನ ಕೊನೆಯ ದಿನವೆಂದೇ? ಇನ್ನೊಂದು ಸೀಸದ ತುಂಡು ಕಟ್ಟಲು ಅರ್ಧ ಗಳಿಗೆ ಸಾಕಾಗಿತ್ತು. ಕೂಡಿದ ಜನರೆದುರು ನನ್ನ ಮಾನ ಕಳೆಯಬಾರದೆಂದೇ? ನನ್ನ ಮಾನ ಅಷ್ಟು ಬೆಲೆಬಾಳುವುದಿಲ್ಲವೆಂದು ಅವನ ಅಂಗಳದಲ್ಲೇ ತೀರ್ಪಾಗಿತ್ತು. ಅಥವಾ ಸೀಸ ತುಂಬಿದವನ ಮನಸ್ಸಿನ ಯಾವುದೋ ಮೂಲೆಯಲ್ಲಿ, ಇದೆಲ್ಲ ಇಲ್ಲದೆಯೂ ಏರುತ್ತದೆಯೇ ನೋಡಿಬಿಡೋಣ ಎಂಬ ನನ್ನಂಥದೇ ಹುಚ್ಚು ಇತ್ತೇ? ಮೂರನ್ನೂ ಮಂಡಿಸಿದೆ, ಮೂರನ್ನೂ ಖಂಡಿಸಿದೆ. ಹೆಂಡತಿ ಬೇಡಿದ್ದು ತಿರುಗಿ ಮನೆಗೆ ಬರಬೇಕೆಂಬ ಒಂದೇ ಮಾತು. ಅದನ್ನು ಪಣಕ್ಕಿಟ್ಟು ಹತ್ತುವಂಥ ಕಾರಣ ಈ ಯಾವುದರಲ್ಲೂ ಇರಲಿಲ್ಲ.

ಮುಂದಿನ ರಜೆಗೆ ಬಂದವನು ನೇರವಾಗಿ ಚಪ್ಪರಕ್ಕೆ ಹೋದೆ. ಕಾಳಪ್ಪನ ಎಲುಬು ಕೂಡಿತ್ತು, ಮುಂಗೈ ಮಾತ್ರ ಸ್ವಲ್ಪ ಹೊರಕ್ಕೆ ಬಾಗಿತ್ತು; ಆ ಕೈಯಲ್ಲೇ ಅರೆ, ಅಂದರೆ ಗಾಲಿಯ ಕಡ್ಡಿ, ಹಿಡಿದು ನಡುವಿನ ಗುಂಬಕ್ಕೆ ಕೂರಿಸುತ್ತಿದ್ದ. ತಾಯಿತ ತೆಗೆದು ಅವನ ಮುಂದಿಟ್ಟು, ಬಿಚ್ಚಿದವನು ನಾನೆಂದು ಹೇಳಿದೆ. ಕಾಳಪ್ಪ ಅದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದ.

“ಭಸ್ಮಾನೂ ಐತಿ, ಸೀಸಾನೂ ಐತಿ” ಎಂದ. “ಅದು ಆಕಿಗೆ, ಇದು ನನಗ. ಡಬ್ಬಿ ಒಂದಽ.”

ಒಳಗೆ ನೀಲವ್ವನ ಬೀಸುವಕಲ್ಲಿನ ಸದ್ದು ನಿಂತಿತು. ಕಾಳಪ್ಪ ಮುಂದಿನ ಅರೆ ಎತ್ತಿಕೊಂಡು ಅದರ ಅಂಚನ್ನು ಹೆಬ್ಬೆರಳಿನಿಂದ ಸವರತೊಡಗಿದ. ಬಾಯಲ್ಲಿ ಉರ್ದುವಿನ ಒಂದು ಅಲಂಕಾರವೂ ಬರದೆ ನಾನು ಕೇಳಿದೆ:

“ಕಾಳಪ್ಪಣ್ಣ, ಅವತ್ತು ಎಣ್ಣಿ ಬಟ್ಟಿ ಹಿಡದು ಬುಡದಿಂದ ತುದಿತನಕ ನೀನಽ ಒರಸಿದಿ. ತಾಯಿತ ಇಲ್ಲಂತ ನಿನ್ನ ಬೆರಳಿಗೆ ತಿಳೀಲಾರದ ಇರಾಕ ಸಾಧ್ಯನಽ ಇಲ್ಲ. ಸೀಸ ಇಲ್ಲಂದ್ರ ಏನ್ ಆಗತೈತಿ ಅನ್ನೂದು ಅಲ್ಲಿದ್ದವರೊಳಗ ನಿನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಯಾಕ ಹತ್ತಿ ಕುಂತಿ?”

ಕಾಳಪ್ಪ ಬೀಸುವಕಲ್ಲು ನಿಂತ ಬಾಗಿಲ ಕಡೆಗೊಮ್ಮೆ ನೋಡಿ, “ಬೇವಿನ ಕೆಳಗ ಆಕಿ ನೋಡಕೋತ ಕುಂತಿದ್ಳು, ತಾಯಿತ ಇಲ್ಲಂತ ತಿಳಿದಿದ್ರ ನನ್ನ ಹತ್ತಗೊಡತಿದ್ದಿಲ್ಲ” ಎಂದ.